ಕಂಡದ್ದನ್ನೇ ಬರೆಯಿರಿ

ಇನ್ನೂ ಬೆಚ್ಚಗಿವೆ ಕಾಗದಗಳು, ಜೆರಾಕ್ಸ್ ಯಂತ್ರದ ಹೊಟ್ಟೆಯಿಂದ ಈಗಷ್ಟೇ ಹೊರಬಿದ್ದವು, ಆಗ ತಾನೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಅಂಗೈಗೆ ಹಿತವಾಗಿವೆ, ಹನ್ನೆರಡು ಕಾಗದ, ಹನ್ನೆರಡು ಮಕ್ಕಳು, ಹನ್ನೆರಡು ಬ್ಯೂರೆಟ್ — ಹದಿಮೂರನೆಯ ಬ್ಯೂರೆಟ್ ಈ ಲ್ಯಾಬಿಗೆ ಎಂದೂ ಬರಲಿಲ್ಲ, ಅದಕ್ಕೇ ಈ ತರಗತಿಗೆ ಹನ್ನೆರಡೇ ಜನ, ಇನ್ನೂರು ಮಕ್ಕಳಲ್ಲಿ ಸೋಸಿ ತೆಗೆದವರು, ಒಂದೊಂದು ಇಟ್ಟುಕೊಂಡು ಪಕ್ಕಕ್ಕೆ ದಾಟಿಸಿ, ಹಾಂ, ಹಿಂದಿನ ಸಾಲಿಗೂ ಹೋಗಲಿ, ಮೇಲೆ ದಪ್ಪ ಅಕ್ಷರದಲ್ಲಿ ಉನ್ನತ ರಸಾಯನಶಾಸ್ತ್ರ ತರಗತಿ, ನಿರೀಕ್ಷೆಗಳು ಮತ್ತು ಗುರಿಗಳು, ಮೂವತ್ತೊಂದು ವರ್ಷದಿಂದ ಇದೇ ಕಾಗದ, ಮೊದಲು ಟೈಪ್ ಮಾಡಿಸಿದ್ದು ಆಮೇಲೆ ಕಂಪ್ಯೂಟರ್ ಸೇರಿತು, ಮಾತು ಬದಲಾಗಲಿಲ್ಲ, ನಡುವೆ ಒಂದು ಸಾಲು ಸೇರಿಕೊಂಡಿತು ಅಷ್ಟೇ, ಯಾಕೆ ಸೇರಿತು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಹಿಂಬದಿ ಖಾಲಿ ಬಿಟ್ಟಿದ್ದೇನೆ, ಅಲ್ಲಿ ಅವರು ತಮ್ಮ ಗುರಿ ಬರೆಯಬೇಕು, ಏನು ಕಲಿಯಬೇಕು ಅಂತ ಬಂದಿದ್ದಾರೆ, ಕಲಿತು ಏನು ಮಾಡುತ್ತಾರೆ, ನಾನದನ್ನು ಬೀರುವಿನಲ್ಲಿಟ್ಟು ವರ್ಷದ ಕೊನೆಯ ದಿನ ಅವರವರದನ್ನು ಅವರವರ ಕೈಗೆ ಕೊಡುತ್ತೇನೆ, ಓದಿ ನಗುತ್ತಾರೆ, ಅಯ್ಯೋ ಇದನ್ನ ನಾನೇ ಬರ್ದಿದ್ನಾ ಸರ್ ಅನ್ನುತ್ತಾರೆ, ಇಬ್ಬರು ಮೂವರು ಕಣ್ಣೊರೆಸಿಕೊಳ್ಳುವುದೂ ಉಂಟು, ಮೂವತ್ತು ವರ್ಷದ್ದು ಮುನ್ನೂರ ಅರವತ್ತು ಕಾಗದ, ಎಲ್ಲವೂ ಒಡೆಯರ ಕೈ ಸೇರಿವೆ, ಒಂದು ಬಿಟ್ಟು. ಆ ಒಂದು ಈಗ ನನ್ನ ಎದೆಯ ಜೇಬಿನಲ್ಲಿದೆ, ನಾಲ್ಕು ಮಡಿಕೆ, ಅಂಚು ಹಳದಿ, ಬೆಳಿಗ್ಗೆ ಬೀರುವಿನ ತಳದಿಂದ ತೆಗೆದೆ, ಸಂಜೆ ಶಾಲೆ ಬಿಟ್ಟ ಮೇಲೆ ನೇರ ಬಣ್ಣದ ಅಂಗಡಿಗೆ ಹೋಗಬೇಕು, ಅವಳ ಕೈಗೆ ಕೊಡಬೇಕು, ಕೊಟ್ಟು ಹೇಳಿಬಿಡಬೇಕು, ಮುಂದಿನ ವರ್ಷ ಈ ಬೀರುವಿನ ಬೀಗದ ಕೈ ಬೇರೆ ಯಾರ ಜೇಬಿನಲ್ಲಿರುತ್ತದೋ.

ಮೊದಲನೆಯದನ್ನು ಯಾರಾದರೂ ಗಟ್ಟಿಯಾಗಿ ಓದಿ, ನೀನೇ ಓದಮ್ಮ, ಮುಂದಿನ ಬೆಂಚಿನವಳು, ಎರಡು ಜಡೆ, ಹೊಸ ಕನ್ನಡಕ, ಅದರ ಮೂಗುಪಟ್ಟಿ ಇನ್ನೂ ಒಗ್ಗಿಲ್ಲ, ಮಾತಿಗೊಮ್ಮೆ ಮೇಲೆ ದೂಡುತ್ತಾಳೆ, ಎದ್ದು ನಿಂತು ಓದುತ್ತಾಳೆ, ಒಂದು, ಕಂಡದ್ದನ್ನೇ ಬರೆಯಿರಿ. ಸರಿ. ಎರಡು, ಬಾಟಲಿಯನ್ನು ತೆಗೆಯುವಾಗ ಒಮ್ಮೆ, ಇಡುವಾಗ ಒಮ್ಮೆ, ಅದರ ಮೇಲಿನ ಚೀಟಿಯನ್ನು ಓದಿ. ಇದೇ ಆ ಸೇರಿಕೊಂಡ ಸಾಲು, ಓದುವಾಗ ಅವಳ ದನಿಯಲ್ಲಿ ಏನೂ ಬದಲಾಗಲಿಲ್ಲ, ಯಾಕೆ ಬದಲಾಗಬೇಕು, ಅವಳಿಗೇನು ಗೊತ್ತು. ಮೂರು, ತಪ್ಪಾದರೆ ಅಳಿಸಬೇಡಿ, ಹರಿಯಬೇಡಿ, ಒಂದೇ ಗೆರೆ ಎಳೆಯಿರಿ, ಗೆರೆಯ ಕೆಳಗಿನ ಅಂಕಿ ಓದುವಂತಿರಬೇಕು, ಪಕ್ಕದಲ್ಲಿ ನಿಮ್ಮ ಸಹಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಸಹಿ ಮಾಡುವಷ್ಟು ದೊಡ್ಡವರಾದೆವಲ್ಲ ಎಂದೇನೋ, ನಗಲಿ. ಪ್ರತಿ ವರ್ಷವೂ ಇದೇ ಜಾಗದಲ್ಲಿ ಒಂದು ಕಿಸಕ್, ನನಗಿಟ್ಟಿರುವ ಅಡ್ಡಹೆಸರೂ ಗೊತ್ತು, ಒಂದ್ತೊಟ್ಟು ಮೇಷ್ಟ್ರು, ಒಂದೇ ಒಂದು ತೊಟ್ಟು ಅಂತ ದಿನಕ್ಕೆ ನೂರು ಸಲ ಹೇಳುತ್ತೇನಲ್ಲ, ಕಾರಿಡಾರಿನಲ್ಲಿ ಒಂದ್ತೊಟ್ಟು ಬಂತು ಕಣ್ರೋ ಎಂದು ಓಡುತ್ತಾರೆ, ಕೇಳಿಸಿಯೂ ಕೇಳಿಸದವನ ಹಾಗೆ ಹೋಗುತ್ತೇನೆ, ಅದರಲ್ಲಿ ನನಗೆ ಬೇಸರವಿಲ್ಲ, ಪ್ರೀತಿಯಿಂದ ಇಟ್ಟ ಹೆಸರು ಬೇರೆ, ಆ ಇನ್ನೊಂದು ಬಗೆಯ ಹೆಸರು ಬೇರೆ — ಮೂವತ್ತೈದು. ನಾನೇ ಸರ್, ಮೂವತ್ತೈದು, ಗುರುತು ಸಿಗಲಿಲ್ವಾ. ಮೊನ್ನೆ ಭಾನುವಾರ ಬಣ್ಣದ ಅಂಗಡಿಯಲ್ಲಿ, ಕೌಂಟರಿನ ಆ ಕಡೆ, ಮೊಣಕೈತನಕ ಬಣ್ಣ ಹಿಡಿದ ನೀಲಿ ಅಂಗಿ ತೊಟ್ಟು ನಗುತ್ತಾ ನಿಂತಿದ್ದಳು, ಹೆಸರು ಹೇಳಲಿಲ್ಲ, ಆ ಅಂಕಿಯನ್ನೇ ಹೇಳಿದಳು, ಹದಿನೆಂಟು ವರ್ಷವಾದರೂ ಮೇಷ್ಟ್ರಿಗೆ ತನ್ನ ಗುರುತು ಹತ್ತಬೇಕಾದರೆ ಅದೇ ದಾರಿ ಅಂದುಕೊಂಡಳು, ಸರಿಯಾಗಿಯೇ ಅಂದುಕೊಂಡಳು, ನನಗೆ ತಕ್ಷಣ ಗುರುತು ಸಿಕ್ಕಿತು.

ಹೆಸರಿಟ್ಟವರು ಅವಳ ಜೊತೆಯ ಹನ್ನೊಂದು ಮಕ್ಕಳು, ಇಡಿಸಿದವನು ನಾನು. ಆ ವರ್ಷದ ಮೊದಲ ಪ್ರಾಕ್ಟಿಕಲ್, ಫ್ಲಾಸ್ಕಿನಲ್ಲಿ ನಾನು ಬೆಳಿಗ್ಗೆ ಕಲಸಿಟ್ಟ ಆಮ್ಲದ ದ್ರಾವಣ, ಜೊತೆಗೆ ಬಣ್ಣ ತೋರಿಸುವ ಸೂಚಕ ಎರಡು ತೊಟ್ಟು, ಗೆರೆ ಹಾಕಿದ ಗಾಜಿನ ಕೊಳವೆ ಬ್ಯೂರೆಟ್ಟು, ಅದರಲ್ಲಿ ಕ್ಷಾರ, ಮೇಲಿಂದ ತೊಟ್ಟು ತೊಟ್ಟಾಗಿ ಬಿಡುತ್ತಾ ಫ್ಲಾಸ್ಕನ್ನು ತಿರುಗಿಸುತ್ತಾ ಇರಬೇಕು, ಎರಡೂ ಸರಿಸಮ ಆದ ಕ್ಷಣ ನೀರಿನಂತಿದ್ದದ್ದು ತೆಳು ಗುಲಾಬಿಯಾಗುತ್ತದೆ, ಬಂದು ಹೋದರೆ ಲೆಕ್ಕಕ್ಕಿಲ್ಲ, ಅರ್ಧ ನಿಮಿಷ ನಿಲ್ಲಬೇಕು, ಕೆಳಗೆ ಬಿಳಿ ಕಾಗದ ಇಟ್ಟು ನೋಡಿ, ಇಲ್ಲದಿದ್ದರೆ ಕಣ್ಣು ಮೋಸ ಮಾಡುತ್ತದೆ — ಇಷ್ಟು ಹೇಳಿದ್ದರೆ ಸಾಕಿತ್ತು, ನಾನು ಬೋರ್ಡಿನ ಮೇಲೆ ಇನ್ನೊಂದು ಸಾಲು ಬರೆದೆ, ಆಗೆಲ್ಲ ಬರೆಯುತ್ತಿದ್ದೆ, ತಿದ್ದುವುದು ಬೇಗ ಮುಗಿಯಲಿ ಅಂತ, ನಿರೀಕ್ಷಿತ ಅಳತೆ ಇಪ್ಪತ್ತೈದು ಮಿಲಿಲೀಟರ್, ಒಂದೆರಡು ಕೂದಲೆಳೆ ಆಚೀಚೆ ಆಗಬಹುದು, ಅದರ ಹೊರಗೆ ಹೋದರೆ ಅಂಕ ಇಲ್ಲ, ತಿಂಗಳ ಕೊನೆಗೆ ಅಂಕ ಇಲ್ಲದವರು ಈ ತರಗತಿಯಲ್ಲಿ ಇಲ್ಲ. ಹನ್ನೊಂದು ಪುಸ್ತಕ ತಿರುವಿದೆ, ಇಪ್ಪತ್ತೈದು, ಇಪ್ಪತ್ತೈದು ಪಾಯಿಂಟ್ ಒಂದು, ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು, ಕಣ್ಣಿಗೆ ತಂಪು, ಭಲೇ ಎಂದೆ, ಹನ್ನೆರಡನೆಯದರಲ್ಲಿ ಮೂವತ್ತೈದು, ಮೂವತ್ತೈದು, ಮೂವತ್ತೈದು, ಮೂರು ಸಲವೂ ಅದೇ. ಏನಿದು ಅಂದೆ. ಅಷ್ಟೇ ಬಂತು ಸರ್ ಅಂದಳು. ಹತ್ತು ಗೆರೆ ತಪ್ಪಿ ಓದಿದ್ದೀಯ. ಇಲ್ಲ ಸರ್, ಮೂರು ಸಲ ನೋಡ್ದೆ. ಮೂರು ಸಲವೂ ಕೂದಲು ಕೊಂಕದೆ ಮೂವತ್ತೈದೇ ಬಂತೋ, ಒಂದು ಮಾಡಿ ಎರಡು ನಕಲು ಹೊಡೆದೆಯೋ, ಲ್ಯಾಬಿನಲ್ಲಿ ನಗೆ ಎದ್ದಿತು, ಆ ನಗೆ ನನಗೆ ಇಷ್ಟವಾಯಿತು, ಈಗ ಹೇಳಿಕೊಂಡರೆ ನಾಚಿಕೆ, ಆಗ ಇಷ್ಟವಾಯಿತು, ಹೊಸ ಮಕ್ಕಳ ಮುಂದೆ ಮೇಷ್ಟ್ರ ನಾಲಿಗೆ ಹರಿತವಾಗಿದೆ ಅಂತ ಗೊತ್ತಾಗಲಿ ಎಂದಿತ್ತು, ಅಲ್ಲಮ್ಮ ಹನ್ನೊಂದು ಜನರಿಗೆ ಕಾಣುವ ಗುಲಾಬಿ ನಿನಗೊಬ್ಬಳಿಗೆ ಯಾಕೆ ಕಾಣಲಿಲ್ಲ, ಕಣ್ಣು ತೋರಿಸು ಹೋಗು ಡಾಕ್ಟರಿಗೆ ಅಂದೆ. ಅವಳು ಅಳಲಿಲ್ಲ. ಅವಳ ಮೇಜಿನ ಮೇಲೆ ಕೊನೆಯ ಫ್ಲಾಸ್ಕು ಹಾಗೇ ಇತ್ತು, ಕೆಳಗೆ ಬಿಳಿ ಕಾಗದ, ಅದನ್ನು ಕಾಗದದ ಸಮೇತ ಎರಡೂ ಕೈಯಲ್ಲಿ ಎತ್ತಿ ಹಿಡಿದಳು, ತೆಳು ಗುಲಾಬಿ, ಪಾಠ ಹೇಳುವುದಕ್ಕೆ ಇಟ್ಟುಕೊಳ್ಳಬಹುದಾದಷ್ಟು ಸರಿಯಾದ ಗುಲಾಬಿ, ನೋಡಿ ಸರ್, ಹೋಗ್ತಾ ಇಲ್ಲ, ಬೇಕಾದ್ರೆ ನಿಮ್ಮೆದುರಿಗೇ ಇನ್ನೊಂದು ಸಲ ಮಾಡ್ತೀನಿ, ನೀವೇ ನೋಡಿ. ಗಂಟೆ ಹೊಡೆಯಿತು. ಐದು ನಿಮಿಷದ ಕೆಲಸ. ಸಮಯ ಇಲ್ಲ, ತೊಳೆದಿಡು ಎಂದೆ.

ತೊಳೆದಿಟ್ಟಳು, ತೊಟ್ಟಿಗೆ ಸುರಿಯುವ ಮೊದಲು ಫ್ಲಾಸ್ಕನ್ನು ಒಂದು ಸಲ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ್ದು ನೆನಪಿದೆ, ಅದು ಮಾತ್ರ ಯಾಕೆ ನೆನಪಿರಬೇಕು, ಆ ದಿನ ಏನು ಉಟ್ಟಿದ್ದೆ ಏನು ತಿಂದಿದ್ದೆ ಒಂದೂ ನೆನಪಿಲ್ಲ. ವಾರ ಕಳೆದು ಅವಳ ತಾಯಿ ಬಂದರು, ಬಟ್ಟೆ ಹೊಲಿಯುವವರು, ಟೇಪು ಕೊರಳಲ್ಲೇ ಇತ್ತು, ತೆಗೆದಿಡುವುದು ಮರೆತು ಹಾಗೇ ಬಂದಿದ್ದರು, ಸರ್ ಅವಳು ಸುಳ್ಳು ಬರೆಯೋಳಲ್ಲ, ಅಳತೆ ವಿಷಯದಲ್ಲಿ ನನಗೇ ಬುದ್ಧಿ ಹೇಳ್ತಾಳೆ, ಅಮ್ಮಾ ಒಂದು ನೂಲಿನಷ್ಟು ಜಾಸ್ತಿ ಹೋಯ್ತು ನೋಡು ಅಂತಾಳೆ, ಒಂದೇ ಒಂದು ಸಲ ಇನ್ನೊಂದು ಅವಕಾಶ ಕೊಡಿ. ನಾನು ಏನು ಹೇಳಿದೆ — ನಿಯಮ ಎಲ್ಲರಿಗೂ ಒಂದೇ ತಾಯಿ, ಒಬ್ಬರಿಗೆ ಬಿಟ್ಟರೆ ಉಳಿದ ಹನ್ನೊಂದು ಜನಕ್ಕೆ ಏನು ಹೇಳಲಿ, ಎಷ್ಟು ನ್ಯಾಯವಾಗಿ ಕೇಳಿಸಿತು ಆ ಮಾತು, ಸ್ಟಾಫ್ ರೂಮಿನಲ್ಲಿ ಕುಳಿತಿದ್ದ ಗಣಿತದವರು ತಲೆದೂಗಿದರು. ತಾಯಿ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಕೊನೆಗೆ ಎದ್ದು ಹೋದರು. ಹುಡುಗಿ ಸಾಮಾನ್ಯ ತರಗತಿಗೆ ಹೋದಳು, ಅಲ್ಲಿ ಬ್ಯೂರೆಟ್ ಇಲ್ಲ, ಅರವತ್ತು ಮಕ್ಕಳು, ಮೇಷ್ಟ್ರು ಮಾಡಿ ತೋರಿಸಿದ್ದನ್ನು ದೂರದಿಂದ ನೋಡಿ ಬರೆದುಕೊಳ್ಳುವುದು, ಮಧ್ಯ ವರ್ಷಕ್ಕೆ ವಿಷಯವನ್ನೇ ಬಿಟ್ಟಳು ಎಂದು ಕೇಳಿದೆ, ಒಳ್ಳೆಯದಾಯಿತು, ಎಲ್ಲರಿಗೂ ಒಗ್ಗುವ ವಿಷಯವಲ್ಲ ಅಂದೆ, ಯಾರಿಗೆ ಅಂದೆ, ನನಗೆ ನಾನೇ ಅಂದುಕೊಂಡಿರಬೇಕು.

ಆಮೇಲೆ ದಸರಾ ರಜೆ. ವರ್ಷಕ್ಕೊಮ್ಮೆ ಲ್ಯಾಬಿನ ಸಾಮಾನೆಲ್ಲ ಕೆಳಗಿಳಿಸಿ ಪಟ್ಟಿ ಮಾಡುವ ಕೆಲಸ, ನಾನು ಕುರ್ಚಿಯಲ್ಲಿ, ಅಟೆಂಡರ್ ಏಣಿಯ ಮೇಲೆ, ನನಗಿಂತ ಮೊದಲಿನಿಂದ ಈ ಲ್ಯಾಬಿನಲ್ಲಿದ್ದ ಮನುಷ್ಯ, ಓದಿದ್ದು ಏಳನೆಯ ತರಗತಿ, ವಾಸನೆಯಲ್ಲೇ ಬಾಟಲಿ ಗುರುತು ಹಿಡಿಯುತ್ತಿದ್ದ, ಒಂದು ಖಾಲಿ ಬಾಟಲಿ ಕೆಳಗೆ ಚಾಚಿ, ಸರ್ ಈ ಸಲ ಬಂದಿದ್ದು ಬೇರೆ ಥರ ಇತ್ತಲ್ಲ, ಯಾವಾಗ್ಲೂ ಸಕ್ಕರೆ ಹರಳಿನ ಹಾಗೆ ಇರೋದು, ಇದು ಹಿಟ್ಟಿನ ಹಾಗಿತ್ತು, ನಿಮಗೆ ಹೇಳ್ಬೇಕು ಅಂತಿದ್ದೆ ಮರೆತೇಹೋಯ್ತು ಅಂದ. ಕೊಡಿಲ್ಲಿ ಎಂದೆ. ಚೀಟಿ ಓದಿದೆ. ಅದೇ ಆಮ್ಲ, ಆದರೆ ನೀರಿಲ್ಲದ್ದು, ನಾವು ಯಾವಾಗಲೂ ತರಿಸುವ ಹರಳಿನಲ್ಲಿ ತೂಕದ ಒಂದು ಪಾಲು ನೀರೇ ಇರುತ್ತದೆ, ಇದು ಪೂರಾ ಆಮ್ಲ, ನಾನು ಹದಿಮೂರು ವರ್ಷದ ರೂಢಿಯಂತೆ ಚೀಟಿಯ ಕಡೆ ಕಣ್ಣೂ ಹಾಯಿಸದೆ ಅದೇ ಆರು ಪಾಯಿಂಟ್ ಮೂರು ಗ್ರಾಂ ತೂಗಿ ಕಲಸಿದ್ದೆ, ಹಾಗಾದರೆ ದ್ರಾವಣ ಎಷ್ಟು ಗಡುಸು, ಹಾಗಾದರೆ ಗುಲಾಬಿ ಬರಬೇಕಾದದ್ದು — ಪಟ್ಟಿ ಪುಸ್ತಕದ ಹಿಂದೆಯೇ ಪೆನ್ಸಿಲ್ಲಿನಲ್ಲಿ ಗುಣಿಸಿದೆ, ಭಾಗಿಸಿದೆ, ಮೂವತ್ತೈದು ಬಂತು. ಸರಿಯಾಗಿ ಮೂವತ್ತೈದು. ಇನ್ನೊಂದು ಸಲ ಮಾಡಿದೆ. ಅದೇ ಬಂತು. ಹಾಗಾದರೆ ಆ ದಿನ ಇಪ್ಪತ್ತೈದಕ್ಕೆ ಯಾರ ಫ್ಲಾಸ್ಕಿನಲ್ಲೂ ಗುಲಾಬಿ ಬಂದಿರಲೇ ಇಲ್ಲ, ಹನ್ನೊಂದು ಮಕ್ಕಳು ಬೋರ್ಡು ನೋಡಿದ್ದಾರೆ, ಒಬ್ಬರ ಮುಖ ಒಬ್ಬರು ನೋಡಿದ್ದಾರೆ, ಮೇಷ್ಟ್ರಿಗೆ ಏನು ಬೇಕೋ ಅದನ್ನು ಬರೆದು ಫ್ಲಾಸ್ಕು ತೊಳೆದಿದ್ದಾರೆ, ಒಬ್ಬಳು ಕಂಡದ್ದನ್ನು ಬರೆದಿದ್ದಾಳೆ, ನನ್ನ ಮೊದಲ ನಿಯಮವನ್ನು ನಂಬಿದವಳು ಇಡೀ ಲ್ಯಾಬಿನಲ್ಲಿ ಅವಳೊಬ್ಬಳೇ, ಅವಳನ್ನೇ ಹೊರಗೆ ಹಾಕಿದೆ. ಏನ್ ಸರ್, ಬಾಟ್ಲಿ ಬಿಸಾಕ್ಲಾ, ಏಣಿಯ ಮೇಲಿಂದ ಅಟೆಂಡರ್ ಕೇಳಿದ. ಇರಲಿ, ಉಪಯೋಗಕ್ಕೆ ಬರುತ್ತದೆ ಎಂದೆ, ಅವನು ಚಹಾ ತರಲು ಹೋದಾಗ ತೊಟ್ಟಿಯಲ್ಲಿ ನೀರು ಬಿಟ್ಟು ಚೀಟಿಯನ್ನು ನೆನೆಸಿ ಉಗುರಿನಿಂದ ಕೆರೆದು ಕೆರೆದು ತೆಗೆದೆ, ಪೆನ್ಸಿಲ್ ಲೆಕ್ಕವನ್ನೂ ರಬ್ಬರಿನಿಂದ ಉಜ್ಜಿದೆ. ಒಂದು ಗೆರೆಯಲ್ಲ, ಸಹಿಯಲ್ಲ, ಪೂರ್ತಿ ಅಳಿಸಿದೆ. ಅಟೆಂಡರ್ ಬಂದವನು ಬೋಳು ಬಾಟಲಿ ನೋಡಿದ, ನನ್ನ ಉಗುರು ನೋಡಿದ, ಚಹಾ ಮೇಜಿನ ಮೇಲಿಟ್ಟ, ಏನೂ ಕೇಳಲಿಲ್ಲ, ಮುಂದಿನ ವರ್ಷದ ಕಾಗದದಲ್ಲಿ ಹೊಸ ಎರಡನೆಯ ನಿಯಮ ಕಂಡಾಗಲೂ ಕೇಳಲಿಲ್ಲ, ನಿವೃತ್ತನಾಗುವ ದಿನ ಮಾತ್ರ ಕೈ ಕುಲುಕುತ್ತಾ, ಸರ್ ಆ ಮಗು ಚೆನ್ನಾಗಿ ತೊಳೆದಿಡ್ತಿತ್ತು ಸಾಮಾನು ಅಂದ, ಅಷ್ಟೇ ಅಂದ.

ಹೇಳಬಹುದಾಗಿತ್ತು. ಆಗಿನ್ನೂ ಹೇಳಬಹುದಾಗಿತ್ತು, ರಜೆ ಮುಗಿದು ಶಾಲೆ ತೆರೆದ ಮೊದಲ ದಿನವೇ ಅವಳ ತರಗತಿಯ ಬಾಗಿಲಲ್ಲಿ ನಿಂತು ಅವಳನ್ನು ಕರೆದು, ಬಾಮ್ಮ, ತಪ್ಪು ನನ್ನದು ಎಂದಿದ್ದರೆ ಏನಾಗುತ್ತಿತ್ತು, ಹನ್ನೊಂದು ಜನರ ಬಣ್ಣ ಬಯಲಾಗುತ್ತಿತ್ತು, ಅದರಲ್ಲಿ ಒಬ್ಬ ಪ್ರಿನ್ಸಿಪಾಲರ ತಂಗಿಯ ಮಗ, ನನ್ನ ಬಣ್ಣವೂ ಬಯಲಾಗುತ್ತಿತ್ತು, ಹೋಗಲಿ ಬಿಡು, ಮುಂದಿನ ವಾರ, ಪರೀಕ್ಷೆ ಮುಗಿಯಲಿ, ಫಲಿತಾಂಶ ಬರಲಿ — ಫಲಿತಾಂಶ ಬಂತು, ಹನ್ನೊಂದಕ್ಕೆ ಹನ್ನೊಂದು, ಶಾಲೆಯ ಇತಿಹಾಸದಲ್ಲೇ ಮೊದಲು, ಪ್ರಿನ್ಸಿಪಾಲರ ಕೊಠಡಿಯ ಗೋಡೆಯಲ್ಲಿ ಆ ಫೋಟೋ ಇನ್ನೂ ಇದೆ, ನಡುವೆ ನಾನು, ಕೈ ಕಟ್ಟಿಕೊಂಡು, ಎದೆ ಮುಂದೆ ಮಾಡಿಕೊಂಡು, ಎಡಗಡೆ ಆರು, ಬಲಗಡೆ ಐದು, ಫೋಟೋ ತೆಗೆಯುವವನು ಬಲಗಡೆ ಒಬ್ರು ಕಮ್ಮಿ ಕಾಣ್ತಾರಲ್ಲ ಸರ್ ಅಂದಿದ್ದ. ಆ ಹನ್ನೊಂದರಲ್ಲಿ ಒಬ್ಬ ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾನೆ, ಹೋದ ವರ್ಷ ದೊಡ್ಡ ಪತ್ರ ಬರೆದಿದ್ದ, ಕಂಡದ್ದನ್ನೇ ಬರೆಯಬೇಕು ಎಂಬುದನ್ನು ನಿಮ್ಮಿಂದ ಕಲಿತೆ ಸರ್ ಎಂದು, ನನ್ನಾಕೆ ಅದನ್ನು ಬಂದವರಿಗೆಲ್ಲ ಓದಿ ಹೇಳುತ್ತಾಳೆ, ನಾನು ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತೇನೆ, ನಮ್ಮನೆಯವರಿಗೆ ಹೊಗಳಿಕೆ ಅಂದ್ರೆ ಆಗಲ್ಲ ಅನ್ನುತ್ತಾಳೆ ಪಾಪ.

ಅವಳೇ ಮೊನ್ನೆ ಅಂಗಡಿಗೆ ಎಳೆದುಕೊಂಡು ಹೋದದ್ದು, ಏನ್ರೀ, ರಿಟೈರ್ ಆದ್ಮೇಲೆ ಇಡೀ ದಿನ ಆ ಕೋಣೇಲೇ ಕೂತಿರ್ತೀರಿ, ಒಂದು ಒಳ್ಳೆ ಬಣ್ಣನಾದ್ರೂ ಬಳಿಸೋಣ, ಹಾಳೆಯಲ್ಲಿ ನೂರೆಂಟು ಬಣ್ಣದ ಚೌಕ, ಅವಳು ಬೆರಳಿಟ್ಟದ್ದು ತೆಳು ಗುಲಾಬಿಯ ಮೇಲೆ, ಬೇರೆ ನೋಡು ಎಂದೆ, ಯಾಕೆ ಇದಕ್ಕೇನಾಗಿದೆ ಅಂದಳು. ಕೌಂಟರಿನ ಆ ಕಡೆ ಅವಳು, ಮೂವತ್ತೈದು, ಛೆ, ಹೆಸರಿಲ್ಲವೇ ಅವಳಿಗೆ, ಇದೆ, ಜೇಬಿನ ಕಾಗದದ ಮೇಲೆ ದುಂಡಗೆ ಬರೆದಿದ್ದಾಳೆ, ಮನಸ್ಸಿನಲ್ಲಿ ಕೂಡ ನಾನು ಆ ಹೆಸರು ಹಿಡಿದು ಕರೆದಿಲ್ಲ, ಬಿಳಿ ಬಣ್ಣದ ಡಬ್ಬದ ಬಾಯಿ ತೆರೆದಳು, ಕೆಂಪು ತುಂಬಿದ ಪಿಚಕಾರಿ ಹಿಡಿದಳು, ಮೊಣಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಒಂದು ತೊಟ್ಟು, ಕಲಕಿದಳು, ಇನ್ನೊಂದು ತೊಟ್ಟು, ಈ ಕೈಯನ್ನು ನಾನು ತಯಾರು ಮಾಡಿದ್ದು ಎಂದು ಯಾರ ಮುಂದೆಯೂ ಬೀಗಬಹುದಾದ ಕೈ, ಕಡ್ಡಿಯ ತುದಿಯಿಂದ ಬಿಳಿ ಕಾಗದಕ್ಕೆ ಒಂದು ಚುಕ್ಕೆ ಮುಟ್ಟಿಸಿ ಹಾಳೆಯ ಚೌಕದ ಪಕ್ಕ ಹಿಡಿದಳು, ನೀವು ಹೇಳಿಕೊಟ್ಟಿದ್ದೇ ಸರ್, ಕೆಳಗೆ ಬಿಳಿ ಇಲ್ದಿದ್ರೆ ಕಣ್ಣು ಮೋಸ ಮಾಡುತ್ತೆ ಅಂತ. ಅಷ್ಟು ಹೇಳಿ ಒಳಗೆ ಕೂಗಿದಳು, ಅಣ್ಣಾ ಸ್ವಲ್ಪ ಬಂದು ನೋಡು, ಎರಡೂ ಒಂದೇ ಇದ್ಯಾ. ಡಬ್ಬ ಜೋಡಿಸುತ್ತಿದ್ದ ಮನುಷ್ಯ ಬಂದ, ಕಣ್ಣು ಕಿರಿದು ಮಾಡಿದ, ಒಂದೇ ಅಂದ, ಹೋದ, ಅಂಗಡಿಯ ಯಜಮಾನ ಗಲ್ಲಾದಿಂದಲೇ ನಕ್ಕ, ಹದಿನಾಲ್ಕು ವರ್ಷ ಆಯ್ತು ಸರ್ ಈಕೆ ಇಲ್ಲಿ, ಈಕೆ ಕಲಸಿದ ಒಂದು ಡಬ್ಬ ವಾಪಸು ಬಂದಿಲ್ಲ, ಆದ್ರೂ ಪ್ರತಿ ಸಲ ಇನ್ನೊಬ್ಬರನ್ನ ಕರೆದು ತೋರಿಸದೆ ಮುಚ್ಚಳ ಹಾಕಲ್ಲ, ನಿನ್ನ ಕಣ್ಣಿಗೇನಾಗಿದೆ ಮಾರಾಯ್ತಿ ಅಂತ ನಾವು ಕೇಳಿ ಕೇಳಿ ಸುಸ್ತಾಯ್ತು. ಅವಳು ನಕ್ಕಳು, ಕುಹಕವಿಲ್ಲ, ಚುಚ್ಚುವ ಉದ್ದೇಶವಿಲ್ಲ, ಇದ್ದಿದ್ದರೆ ಎಷ್ಟೋ ಸಲೀಸಾಗಿತ್ತು, ಸರ್‌ಗೆ ಗೊತ್ತು ಬಿಡಿ, ನನ್ನ ಕಣ್ಣು ಸರಿ ಇಲ್ಲ ಅಂತ ಮೊದಲು ಕಂಡುಹಿಡಿದಿದ್ದೇ ಅವ್ರು, ಡಾಕ್ಟರಿಗೂ ತೋರಿಸಿದ್ವಿ ಸರ್ ಆಗ, ಅಮ್ಮ ಕರ್ಕೊಂಡು ಹೋಗಿದ್ರು, ಏನೂ ಇಲ್ಲ ಅಂದ್ರು, ಆದ್ರೆ ಹನ್ನೊಂದು ಜನಕ್ಕೆ ಕಂಡಿದ್ದು ನನಗೆ ಕಾಣಲಿಲ್ಲ ಅಂದ್ಮೇಲೆ ಏನೋ ಇರ್ಬೇಕಲ್ಲ, ಅದಕ್ಕೇ ನಾನು ಒಬ್ಳೇ ನೋಡಿ ಯಾವುದನ್ನೂ ಹೌದು ಅನ್ನಲ್ಲ. ನಾಲಿಗೆ ತುದಿಯಲ್ಲಿತ್ತು. ನಿಜವಾಗಿಯೂ ಅಲ್ಲೇ ಇತ್ತು. ಎಷ್ಟು ಚೆನ್ನಾಗಿ ಮಾಡ್ತಾಳ್ರೀ ಹುಡುಗಿ ಎಂದಳು ನನ್ನಾಕೆ, ಹೂಂ, ಚೆನ್ನಾಗಿದೆ ಎಂದೆ ನಾನು, ಬಣ್ಣ ನೋಡಿಕೊಂಡು ಹೇಳಿದೆ, ಅವಳ ಮುಖ ನೋಡಲಿಲ್ಲ, ಅವಳೇ ಡಬ್ಬವನ್ನು ಹೊತ್ತು ತಂದು ಗಾಡಿಯಲ್ಲಿಟ್ಟು, ಹುಷಾರಾಗಿ ಹೋಗಿ ಸರ್ ಅಂದಳು.

ಆ ರಾತ್ರಿಯಿಂದ ಕಾಗದದ ಯೋಚನೆ, ಇವತ್ತು ತೆಗೆದು ಓದಿದೆ, ಹಿಂಬದಿಯಲ್ಲಿ ಹದಿನಾರು ವರ್ಷದ ಅಕ್ಷರ, ನಮ್ಮ ಬೀದಿಯ ನಲ್ಲಿ ನೀರು ಒಂದೊಂದು ದಿನ ವಾಸನೆ ಬರುತ್ತದೆ, ಯಾಕೆ ಅಂತ ಯಾರೂ ಹೇಳುವುದಿಲ್ಲ, ಅದರಲ್ಲಿ ಏನಿದೆ ಎಂದು ನಾನೇ ಪರೀಕ್ಷೆ ಮಾಡಿ ಕಂಡುಹಿಡಿಯಬೇಕು, ಇದು ನನ್ನ ಗುರಿ. ಇಷ್ಟೇ. ಡಾಕ್ಟರಾಗಬೇಕು ಅಂತಿಲ್ಲ, ದೊಡ್ಡವಳಾಗಬೇಕು ಅಂತಿಲ್ಲ, ಬೀದಿಯ ನಲ್ಲಿ. ಒಂದು ವರ್ಷದಲ್ಲಿ ಕಲಿಸಿಕೊಡಬಹುದಾಗಿತ್ತು, ನನಗೆ ಬರುವ ಕೆಲಸವೇ ಅದು, ಇವತ್ತಿಗೂ ಆ ಬೀದಿಯಲ್ಲಿ ವಾಸನೆ ಬರುತ್ತದೋ ಏನೋ, ಹೋಗಿ ನೋಡಿದವರು ಯಾರು. ಸರ್, ಮಾಡಿ ತೋರಿಸ್ತೀರಾ — ಹಾಂ, ಮಾಡುತ್ತೇನೆ, ಎಲ್ಲರೂ ಹತ್ತಿರ ಬನ್ನಿ, ನೂಕಬೇಡಿ, ಪ್ರತಿ ವರ್ಷ ಮೊದಲ ದಿನ ನಾನೇ ಒಂದು ಸಲ ಮಾಡಿ ತೋರಿಸುತ್ತೇನೆ, ಬಾಟಲಿಯ ಚೀಟಿ ಎರಡು ಸಲ ಓದಿದ್ದೇನೆ, ಬೋರ್ಡಿನ ಮೇಲೆ ಯಾವ ಅಂಕಿಯನ್ನೂ ಬರೆದಿಲ್ಲ, ಆ ಚಾಳಿ ಅವತ್ತೇ ಬಿಟ್ಟೆ, ಅದರಿಂದ ಅವಳಿಗೇನು ಬಂತು, ಕೆಳಗೆ ಬಿಳಿ ಕಾಗದ, ಬಲಗೈ ಫ್ಲಾಸ್ಕಿಗೆ, ಎಡಗೈ ಬ್ಯೂರೆಟ್ಟಿನ ತಿರುಗಣಿಗೆ, ಹೀಗೆ, ಹನ್ನೆರಡು ತಲೆಗಳು ಸುತ್ತ, ಯಾರದೋ ಸೋಪಿನ ವಾಸನೆ, ಬಿಡುತ್ತಾ ಹೋಗುತ್ತೇನೆ, ಬಿದ್ದಲ್ಲಿ ಒಂದು ಎಳೆ ಗುಲಾಬಿ ಮೂಡಿ ಮಾಯವಾಗುತ್ತದೆ, ಮೂಡಿ ಮಾಯ, ಇನ್ನು ನಿಧಾನ, ಇನ್ನು ಒಂದೊಂದೇ ತೊಟ್ಟು, ಕಿಸಕ್, ಹೌದಪ್ಪಾ ಒಂದ್ತೊಟ್ಟು ಮೇಷ್ಟ್ರೇ ನಾನು. ಸರ್, ಒಂದು ಕೇಳ್ಲಾ. ಎರಡು ಜಡೆಯವಳು, ಕನ್ನಡಕ ಮೇಲೆ ದೂಡಿಕೊಂಡು, ಕೇಳಮ್ಮ, ಮೂರನೇ ನಿಯಮ ಇದ್ಯಲ್ಲ ಸರ್, ತಪ್ಪಾದ್ರೆ ಗೆರೆ ಎಳೆದು ಸಹಿ ಮಾಡ್ಬೇಕು ಅಂತ, ನೀವು ಯಾವಾಗ್ಲಾದ್ರೂ ಮಾಡಿದೀರಾ.

ನೋಡು, ಬಾಗಿಲು ತಾನಾಗಿಯೇ ತೆರೆಯಿತು, ಈ ಹನ್ನೆರಡು ಜನರಿಗೆ ನಾನು ಹೊಸಬ, ಅವರು ನನಗೆ ಹೊಸಬರು, ಇವರಿಗೆ ಹೇಳಲಾದರೆ ಸಂಜೆ ಅವಳಿಗೂ ಹೇಳಲಾಗುತ್ತದೆ, ಹೌದಮ್ಮ, ಮಾಡಬೇಕಾಗಿತ್ತು, ಮಾಡಲಿಲ್ಲ, ಹದಿನೆಂಟು ವರ್ಷದ ಹಿಂದೆ ಇದೇ ಮೇಜಿನ ಹತ್ತಿರ ನಿನ್ನಷ್ಟೇ ವಯಸ್ಸಿನ ಒಬ್ಬಳು — ಇಷ್ಟು ಸಾಕು, ಎದೆಯ ಮೇಲೆ ಕಾಗದ ಗರಿಗರಿ ಎನ್ನುತ್ತಿದೆ, ಬಾಯಿ ತೆರೆದಿದ್ದೇನೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಇಪ್ಪತ್ನಾಲ್ಕು ಕಣ್ಣು, ಎಷ್ಟು ಗೌರವ ಆ ಕಣ್ಣುಗಳಲ್ಲಿ. ಇಲ್ಲಮ್ಮ, ಎನ್ನುತ್ತದೆ ಬಾಯಿ, ನನಗೆ ಹಾಗೆ ಆಗಿಲ್ಲ. ಹುಡುಗಿ ತಲೆಯಾಡಿಸುತ್ತಾಳೆ, ನಂಬಿದಳು, ಯಾಕೆ ನಂಬಬಾರದು, ಯಾರೋ ಹಿಂದಿನಿಂದ ಒಂದ್ತೊಟ್ಟು ಅಂದ್ರೆ ಸುಮ್ನೇನಾ ಎಂದು ಪಿಸುಗುಟ್ಟುತ್ತಾರೆ, ಕೈ ತನ್ನಷ್ಟಕ್ಕೆ ತಿರುಗಣಿ ತಿರುಗಿಸಿದೆ, ಕೊನೆಯ ತೊಟ್ಟು ಬಿದ್ದಿದೆ, ಬಂತು, ಬಂತು ಸರ್ ಎನ್ನುತ್ತಾರೆ ಮಕ್ಕಳು, ಎಣಿಸಿ ಎಂದೆನೇ, ಎಂದಿರಬೇಕು, ಎಣಿಸುತ್ತಿದ್ದಾರೆ, ಹತ್ತು, ಹನ್ನೊಂದು, ಫ್ಲಾಸ್ಕು ತಿರುಗಿಸುತ್ತೇನೆ, ಹೋಗಲಿ, ಈ ಸಲ ಬಂದು ಹೋಗಲಿ, ಇಪ್ಪತ್ತು, ಸಂಜೆ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತಾರೋ, ನಾಳೆ ಹೋದರಾಯಿತು, ಪರೀಕ್ಷೆ ಮುಗಿಯಲಿ, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಬಿಳಿ ಕಾಗದ, ಅದರ ಮೇಲೆ ಗುಲಾಬಿ, ಕಾಗದದ ಸಮೇತ ಎತ್ತಿ ಹಿಡಿದ ಎರಡು ಕೈ, ನೋಡಿ ಸರ್, ಹೋಗ್ತಾ ಇಲ್ಲ, ಎಣಿಸುವುದು ನಿಂತಿದೆ, ಬಿಳಿ ಕಾಗದದ ಮೇಲೆ ಗುಲಾಬಿ, ಹೋಗ್ತಾ ಇಲ್ಲ ಸರ್, ನೀವೇ ನೋಡಿ